ನಿದಾನಕ್ಕೂ ನಿಧಾನ ಬೇಕು

ಕನ್ನಡದಲ್ಲಿ ‘ನಿದಾನ’ ಮತ್ತು ‘ನಿಧಾನ’ ಎಂಬ ಎರಡು ಪದಗಳಿವೆ. ಅಲ್ಪಪ್ರಾಣದ ‘ದ’ ಇರುವ ಮೊದಲನೆಯದಕ್ಕೆ ಮೂಲಕಾರಣವನ್ನು ಗುರುತಿಸುವುದು ಎಂದರ್ಥ. ವೈದ್ಯರು ರೋಗನಿದಾನ ಎನ್ನುವುದು ಇದನ್ನೇ. ಮಹಾಪ್ರಾಣದ ‘ಧ’ ಇರುವ ಎರಡನೆಯದಕ್ಕೆ ಸಾವಕಾಶ ಎಂದರ್ಥ. ಇಂದಿನ ಅನೇಕ ಕಾರು ದುರಸ್ತಿ ಶಾಲೆಗಳಲ್ಲಿ ಈ ಎರಡೂ ಕಾಣೆಯಾಗಿವೆ ಎಂಬುದು ನನ್ನ ಆರೋಪ. ಇದಕ್ಕೆ ನಾನು ಮುಂದಿಡುವ ಸಾಕ್ಷಿ ಬಹಳ ಸಣ್ಣದು: ಕಾರಿನ ಹಿಂಚಕ್ರದ ವೇಗವನ್ನು ಅಳೆಯುವ ಸೆನ್ಸರ್.

ಅದರ ಕೆಲಸವೇನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ತರಗತಿಯಲ್ಲಿ ಕುಳಿತವರಿಗೆ ಇದು ಹೊಸದಲ್ಲ. ತಂತಿಸುರುಳಿಯೊಳಗೆ ದಂಡಕಾಂತವನ್ನು ಆಡಿಸಿದಾಗ ಗ್ಯಾಲ್ವನೋಮೀಟರಿನ ಮುಳ್ಳು ಅತ್ತಿತ್ತ ಓಲಾಡುವುದನ್ನು ನೀವೆಲ್ಲ ಕಂಡಿದ್ದೀರಿ. 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ಆ ವಿದ್ಯುತ್ಕಾಂತೀಯ ಪ್ರೇರಣೆಯೇ ಹಳೆಯ ಬಗೆಯ ಸೆನ್ಸರಿನ ಜೀವಾಳ. ಚಕ್ರದೊಡನೆ ತಿರುಗುವ ಹಲ್ಲುಬಳೆಯ ಪ್ರತಿಯೊಂದು ಹಲ್ಲೂ ಸೆನ್ಸರಿನ ಮುಂದೆ ಹಾದುಹೋಗುವಾಗ ಅದರೊಳಗಿನ ಸುರುಳಿಯಲ್ಲಿ ವಿದ್ಯುತ್ತಿನ ಒಂದು ಅಲೆ ಏಳುತ್ತದೆ. ಹೊಸ ಬಗೆಯ ಸೆನ್ಸರುಗಳಲ್ಲಿ ಹಲವು 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಆಧರಿಸಿವೆ. ಇವುಗಳಲ್ಲಿ ಹಲ್ಲುಬಳೆಯ ಬದಲು, ಬೇರಿಂಗಿನ ಸೀಲಿನ ಮೇಲೆಯೇ ಉತ್ತರ, ದಕ್ಷಿಣ ಧ್ರುವಗಳು ಒಂದರ ಪಕ್ಕದಲ್ಲೊಂದು ಇರುವ ಕಾಂತದ ಪಟ್ಟಿಯೂ ಇರಬಹುದು. ಎಬಿಎಸ್ ಗಣಕವು ನಾಲ್ಕೂ ಚಕ್ರಗಳ ವೇಗವನ್ನು ಸದಾ ಹೋಲಿಸಿ ನೋಡುತ್ತಿರುತ್ತದೆ. ಬ್ರೇಕ್ ಒತ್ತಿದಾಗ ಒಂದು ಚಕ್ರ ಹಠಾತ್ತನೆ ಕಚ್ಚಿಕೊಳ್ಳುವ ಸೂಚನೆ ಕಂಡರೆ, ಆ ಚಕ್ರದ ಬ್ರೇಕಿನ ಒತ್ತಡವನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಬಿಗಿಗೊಳಿಸುತ್ತದೆ.

ಭಾರತದಲ್ಲಿ ಏಪ್ರಿಲ್ 2018ರಿಂದ ಹೊಸ ಮಾದರಿಯ ಕಾರುಗಳಿಗೂ, ಏಪ್ರಿಲ್ 2019ರಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾಯಿತು. ಆದ್ದರಿಂದ ಈ ಸೆನ್ಸರ್ ಈಗ ಸಿರಿವಂತರ ಮನೆಯ ವಸ್ತುವಲ್ಲ. ಸಾಲ ಮಾಡಿ ಚಿಕ್ಕ ಕಾರು ಕೊಂಡ ಪ್ರತಿಯೊಬ್ಬ ಗುಮಾಸ್ತನಿಗೂ, ಶಿಕ್ಷಕನಿಗೂ ಸಂಬಂಧಿಸಿದ ವಿಷಯ.

ಒಂದು ದಿನ ಮೀಟರ್ ಫಲಕದಲ್ಲಿ ಎಬಿಎಸ್ ಎಂಬ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಸರ್ವಿಸ್ ಸೆಂಟರಿನ ಹುಡುಗ ಸ್ಕ್ಯಾನರ್ ಜೋಡಿಸುತ್ತಾನೆ. ಪರದೆಯ ಮೇಲೆ ಒಂದು ಕೋಡ್ ಮೂಡುತ್ತದೆ: ‘ಎಡ ಹಿಂಚಕ್ರ ವೇಗ ಸೆನ್ಸರ್ ಸರ್ಕ್ಯೂಟ್’. ಹುಡುಗ ಓದುವುದು ‘ಸೆನ್ಸರ್’ ಎಂಬಲ್ಲಿಯವರೆಗೆ ಮಾತ್ರ. ‘ಸರ್ಕ್ಯೂಟ್’ ಎಂಬ ಕೊನೆಯ ಪದವನ್ನು ಅವನೂ ಓದುವುದಿಲ್ಲ, ಅವನ ಮೇಲಧಿಕಾರಿಯೂ ಓದುವುದಿಲ್ಲ. ಅರ್ಧ ಗಂಟೆಯಲ್ಲಿ ಹೊಸ ಸೆನ್ಸರಿನ ಬಿಲ್ ಸಿದ್ಧವಾಗುತ್ತದೆ.

ಸರ್ಕ್ಯೂಟ್ ಎಂದರೆ ಮಂಡಲ. ಅದರಲ್ಲಿ ಸೆನ್ಸರ್ ಇದೆ, ಕನೆಕ್ಟರ್ ಇದೆ, ಗಣಕದವರೆಗೆ ಹಾಯುವ ಎರಡು ತಂತಿಗಳಿವೆ. ಹಿಂಚಕ್ರದ ತಂತಿಯ ಪಾಡಂತೂ ಕೇಳುವುದೇ ಬೇಡ. ಚಕ್ರ ಹಳ್ಳಕ್ಕೆ ಬಿದ್ದೇಳುವಾಗಲೆಲ್ಲ ಅದು ಬಾಗಬೇಕು, ಕೆಸರಿನಲ್ಲಿ ನೆನೆಯಬೇಕು, ಸರ್ವಿಸ್ಸಿನಲ್ಲಿ ನೀರಿನ ರಭಸವನ್ನು ತಡೆದುಕೊಳ್ಳಬೇಕು, ರಾತ್ರಿ ಇಲಿಯ ಹಲ್ಲಿನಿಂದಲೂ ಪಾರಾಗಬೇಕು. ಕನೆಕ್ಟರಿನೊಳಗೆ ನೀರು ಸೇರಿ ಪಿನ್ನುಗಳು ಹಸಿರುಗಟ್ಟಬಹುದು. ಹಲ್ಲುಬಳೆ ತುಕ್ಕು ಹಿಡಿದು ಬಿರುಕು ಬಿಡಬಹುದು. ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ ಮೆತ್ತಿಕೊಂಡಿರಬಹುದು. ಬೇರಿಂಗ್ ಬದಲಿಸಿದವರು ಕಾಂತದ ಪಟ್ಟಿಯಿರುವ ಮಗ್ಗುಲನ್ನು ತಿರುಗುಮುರುಗಾಗಿ ಕೂರಿಸಿದ್ದರೆ, ಎಷ್ಟು ಹೊಸ ಸೆನ್ಸರ್ ಹಾಕಿದರೂ ಅದಕ್ಕೆ ಏನೂ ಕಾಣಿಸದು. ಇವಿಷ್ಟನ್ನೂ ನೋಡದೆ ಸೆನ್ಸರನ್ನೇ ಅಪರಾಧಿಯೆಂದು ಎಳೆದೊಯ್ಯುವುದು ಯಾವ ನ್ಯಾಯ? ಕೋಡ್ ಒಂದು ದೂರು ಮಾತ್ರ. ತೀರ್ಪು ಬರಬೇಕಾದದ್ದು ವಿಚಾರಣೆಯ ನಂತರ.

ಕಳೆದ ಮಳೆಗಾಲದಲ್ಲಿ ನನ್ನ ಕಾರಿಗೆ ಆದದ್ದೂ ಇದೇ. ದೊಡ್ಡ ಸರ್ವಿಸ್ ಸೆಂಟರೊಂದರಲ್ಲಿ ಎಡ ಹಿಂಚಕ್ರದ ಸೆನ್ಸರ್ ಬದಲಿಸಿದರು. ನಾಲ್ಕನೆಯ ದಿನ ದೀಪ ಮತ್ತೆ ಹೊತ್ತಿಕೊಂಡಿತು. ಈ ಸಲ ಅವರು ಬೇರಿಂಗ್ ಸಮೇತ ಹಬ್ ಬದಲಿಸಬೇಕೆಂದರು. ಅಳತೆಯ ಕಾಗದ ಕೇಳಿದೆ, ಇರಲಿಲ್ಲ. ತೆಗೆದ ಸೆನ್ಸರ್ ಕೇಳಿದೆ, ಎಸೆದಾಗಿತ್ತು. ಬಳಿಕ ಬೀದಿ ಬದಿಯ ಸಣ್ಣ ಗ್ಯಾರೇಜಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಗಾಡಿಯನ್ನು ಎತ್ತಿ ನಿಲ್ಲಿಸಿ, ತಂತಿಯನ್ನು ಬೆರಳಿನಿಂದ ಸವರುತ್ತಾ ಉದ್ದಕ್ಕೂ ನೋಡಿದರು. ಕ್ಲಿಪ್ ಕಳಚಿದ ಕಡೆ ತಂತಿ ಕಬ್ಬಿಣಕ್ಕೆ ಉಜ್ಜಿ, ಹೊದಿಕೆ ಸವೆದು, ತಾಮ್ರ ಹಸಿರಾಗಿತ್ತು. “ಸಾರ್, ಸೆನ್ಸರ್ ಹೋಗಿಲ್ಲ, ಸುದ್ದಿ ಬರೋ ದಾರಿ ಹೋಗಿದೆ” ಎಂದರು. ತಂತಿಯನ್ನು ಬೆಸೆದು, ನೀರು ಹೋಗದಂತೆ ಹೊದಿಸಿ, ಹೊಸ ಕ್ಲಿಪ್ ಹಾಕಿದರು. ದೀಪ ಆರಿದ್ದು ಇಂದಿಗೂ ಹೊತ್ತಿಲ್ಲ.

ಬಿ.ಎಡ್. ತರಗತಿಯಲ್ಲಿ ನಮಗೆ ಮೊದಲು ಕಲಿಸುತ್ತಿದ್ದ ಪಾಠಗಳಲ್ಲೊಂದು ನೈದಾನಿಕ ಪರೀಕ್ಷೆ, ಆಮೇಲೆ ಪರಿಹಾರ ಬೋಧನೆ. ಮಗು ಭಾಗಾಕಾರದಲ್ಲಿ ತಪ್ಪಿದರೆ ಭಾಗಾಕಾರವನ್ನೇ ಹತ್ತು ಸಲ ಬರೆಸುವವನು ಶಿಕ್ಷಕನಲ್ಲ. ತಪ್ಪಿರುವುದು ಮಗ್ಗಿಯಲ್ಲೋ, ಕಳೆಯುವುದರಲ್ಲೋ, ಸ್ಥಾನಬೆಲೆಯಲ್ಲೋ ಎಂದು ಹುಡುಕಬೇಕು. ಶಾಲೆಯ ಮಗುವಿಗೆ ಸಲ್ಲುವ ಈ ನ್ಯಾಯ ಕಾರಿಗೇಕೆ ಸಲ್ಲಬಾರದು?

ಸರ್ವಿಸ್ ಸೆಂಟರಿನವರ ಸಮಜಾಯಿಷಿಯನ್ನೂ ಕೇಳಿದ್ದೇನೆ. ಹುಡುಕುತ್ತಾ ಕುಳಿತರೆ ಒಂದು ಗಂಟೆ ಹೋಗುತ್ತದೆ. ಗಿರಾಕಿಗೆ ಸಂಜೆಯೊಳಗೆ ಗಾಡಿ ಬೇಕು. ‘ಬರೀ ನೋಡಿದ್ದಕ್ಕೆ ಯಾಕೆ ದುಡ್ಡು?’ ಎಂದು ಜಗಳಕ್ಕೆ ನಿಲ್ಲುತ್ತಾರೆ. ಈ ಕೊನೆಯ ಮಾತಿನಲ್ಲಿ ಸತ್ಯವಿದೆ, ಅದು ನಮ್ಮ ಸಮಾಜಕ್ಕೆ ತಟ್ಟಬೇಕಾದ ಸತ್ಯ. ನಾವು ವಸ್ತುವಿಗೆ ಸಾವಿರಗಟ್ಟಲೆ ಕೊಡುತ್ತೇವೆ, ಬುದ್ಧಿಗೆ ನೂರು ಕೊಡಲೂ ಹಿಂದೆಮುಂದೆ ನೋಡುತ್ತೇವೆ. ಬುದ್ಧಿಗೆ ಬೆಲೆಯಿಲ್ಲದ ಕಡೆ ವಸ್ತುವೇ ಬಿಕರಿಯಾಗುತ್ತದೆ. ಆದರೆ ಇದು ಅವರ ತಪ್ಪಿಗೆ ವಿವರಣೆಯಾದೀತೇ ಹೊರತು ಸಮರ್ಥನೆಯಾಗದು. ನೋಡುವುದಕ್ಕೆ ಇಷ್ಟು ಶುಲ್ಕ ಎಂದು ಫಲಕ ಹಾಕಲಿ, ನೋಡಿದ್ದನ್ನು ಬರೆದುಕೊಡಲಿ. ನೋಡದೆಯೇ ಮಾರುವುದು ಬೇಡ.

ಸೆನ್ಸರ್ ಕೆಡುವುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಹಳೆಯ ಬಗೆಯದಾದರೆ ಮಲ್ಟಿಮೀಟರಿನಿಂದ ಅದರ ರೋಧವನ್ನು ಅಳೆದು ಮತ್ತೊಂದು ಬದಿಯ ಸೆನ್ಸರಿನೊಡನೆ ಹೋಲಿಸಬಹುದು. ಹೊಸ ಬಗೆಯದಕ್ಕೆ ಆ ಪರೀಕ್ಷೆ ಸಲ್ಲದು. ಅದಕ್ಕೆ ವಿದ್ಯುತ್ ಪೂರೈಕೆ ತಲುಪುತ್ತಿದೆಯೇ, ಚಕ್ರ ತಿರುಗಿದಾಗ ಸಂಕೇತ ಹೊರಡುತ್ತಿದೆಯೇ ಎಂದು ನೋಡಬೇಕು. ಇಷ್ಟಾದ ಮೇಲೂ ದೋಷ ಸೆನ್ಸರಿನದೇ ಎಂದು ಸಿದ್ಧವಾದರೆ ಅಗತ್ಯವಾಗಿ ಬದಲಿಸಲಿ. ಅಲ್ಲಿಯೂ ಶಿಸ್ತು ಬೇಕು. ತುಕ್ಕಿನಿಂದ ಕಚ್ಚಿಕೊಂಡ ಸೆನ್ಸರನ್ನು ಸುತ್ತಿಗೆಯಿಂದ ಹೊಡೆದು ಕೀಳಬಾರದು. ಅದು ಕೂರುವ ರಂಧ್ರವನ್ನು ಚೊಕ್ಕಟಗೊಳಿಸದಿದ್ದರೆ ಹೊಸದು ಓರೆಯಾಗಿ ಕುಳಿತು ಅಂತರ ಹೆಚ್ಚಾಗುತ್ತದೆ. ತಂತಿಯನ್ನು ಹಳೆಯ ದಾರಿಯಲ್ಲೇ ಎಲ್ಲ ಕ್ಲಿಪ್ಪುಗಳಿಗೂ ಸಿಕ್ಕಿಸಬೇಕು. ಕೋಡ್ ಅಳಿಸಿ, ಗಾಡಿ ಓಡಿಸಿ, ನಾಲ್ಕೂ ಚಕ್ರಗಳ ವೇಗ ಸ್ಕ್ಯಾನರಿನಲ್ಲಿ ಹೊಂದುತ್ತಿದೆಯೇ ಎಂದು ನೋಡಿದ ಮೇಲೆಯೇ ಕೀಲಿಕೈ ಒಪ್ಪಿಸಬೇಕು.

ಇದಕ್ಕೆ ವಿರುದ್ಧ ತುದಿಯ ಇನ್ನೊಂದು ಅನಾಚಾರವಿದೆ. ಖರ್ಚಿಗೆ ಹೆದರಿ ದೀಪದ ಮೇಲೆ ಟೇಪ್ ಅಂಟಿಸಿ ಓಡಾಡುವವರಿದ್ದಾರೆ. ಎಬಿಎಸ್ ಇಲ್ಲದಿದ್ದರೂ ಸಾಮಾನ್ಯವಾಗಿ ಬ್ರೇಕ್ ಹಿಡಿಯುತ್ತದೆ, ನಿಜ. ಆದರೆ ಮಳೆಯಲ್ಲಿ ಘಟ್ಟದ ತಿರುವಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಹಿಂಚಕ್ರಗಳು ಕಚ್ಚಿಕೊಂಡರೆ ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಹಳದಿ ದೀಪದೊಡನೆ ಕೆಂಪು ಬ್ರೇಕ್ ದೀಪವೂ ಹೊತ್ತಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಸಹಾಯ ಕರೆಸಬೇಕು. ಹೀಗೆ ಟೇಪ್ ಅಂಟಿಸುವವರನ್ನು ಹುಟ್ಟಿಸುವವರು ಯಾರು? ಎರಡು ಸಲ ದುಡ್ಡು ಕಿತ್ತುಕೊಂಡೂ ದೀಪ ಆರಿಸದವರೇ. ನಂಬಿಕೆ ಕಳೆದುಕೊಂಡ ಗಿರಾಕಿ ಮೂರನೆಯ ಸಲ ಎಚ್ಚರಿಕೆಯನ್ನೇ ಮುಚ್ಚಿಬಿಡುತ್ತಾನೆ. ಸುಳ್ಳು ದುರಸ್ತಿಯ ನಿಜವಾದ ಬೆಲೆ ಬಿಲ್ಲಿನಲ್ಲಿರುವುದಿಲ್ಲ, ರಸ್ತೆಯಲ್ಲಿರುತ್ತದೆ.

ಸಣ್ಣ ಗ್ಯಾರೇಜಿನವರಿಗೂ ಹೊಸ ಗಾಡಿಯ ಮಾಹಿತಿ, ಉಪಕರಣಗಳು ಸಿಗಬೇಕೆಂಬುದು ನನ್ನೊಬ್ಬನ ಹಟವಲ್ಲ. ಬಿಡಿಭಾಗಗಳನ್ನೂ ದೋಷಪತ್ತೆ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್‌ಗಳಿಗೆ ಮುಕ್ತವಾಗಿ ಒದಗಿಸದ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿತ್ತು. ವ್ಯಾಜ್ಯ ಮುಂದೆ ಮೇಲ್ಮನವಿಗೆ ಹೋಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿದಾಗ, ಮೊಬೈಲ್, ಕೃಷಿ ಯಂತ್ರಗಳ ಜೊತೆಗೆ ವಾಹನಗಳನ್ನೂ ಸೇರಿಸಿಕೊಂಡಿತು. ಆದರೆ ಹಕ್ಕು ಕಾಗದದಲ್ಲಿದ್ದರೆ ಸಾಲದು, ಕೇಳುವ ಬಾಯಿ ಬೇಕು.

ಆದ್ದರಿಂದ ನನ್ನ ಬಂಧುಗಳೇ, ಮುಂದಿನ ಸಲ ಯಾರಾದರೂ ಸೆನ್ಸರ್ ಹೋಗಿದೆ ಎಂದರೆ ಮೂರು ಪ್ರಶ್ನೆ ಕೇಳಿ. ಏನನ್ನು ಅಳೆದಿರಿ? ಎಷ್ಟು ಬಂತು? ತೆಗೆದ ಭಾಗ ಎಲ್ಲಿ? ಮೂರಕ್ಕೂ ಉತ್ತರ ಕೊಟ್ಟವರಿಗೆ ಚೌಕಾಸಿ ಮಾಡದೆ ಹಣ ಕೊಡಿ, ನೋಡಿದ್ದಕ್ಕೂ ಸೇರಿಸಿ ಕೊಡಿ.

ನನ್ನ ಶಿಷ್ಯರಲ್ಲಿ ಕೆಲವರು ಇಂದು ಸ್ಪ್ಯಾನರ್ ಹಿಡಿದಿದ್ದೀರಿ, ಕೆಲವರು ಸ್ಪ್ಯಾನರ್ ಹಿಡಿದವರ ಮೇಲೆ ಅಧಿಕಾರಿಗಳಾಗಿದ್ದೀರಿ. ಉತ್ತರವೊಂದನ್ನೇ ಬರೆದು ಲೆಕ್ಕದ ಹಂತಗಳನ್ನು ಬಿಟ್ಟವರಿಗೆ ನಾನು ಎಂದೂ ಪೂರ್ಣ ಅಂಕ ಕೊಟ್ಟವನಲ್ಲ. ಈಗಲೂ ಕೊಡುವುದಿಲ್ಲ. ಹಂತಗಳನ್ನು ತೋರಿಸಿ.