ಶಿಶುವಿಹಾರಕ್ಕೆ ಲೆಕ್ಕ ಕೇಳುವವರಾರು?

ಹೊಸಹಳ್ಳಿಯಂಥ ಹೋಬಳಿ ಊರಲ್ಲಿ ಕೂಸನ್ನು ಖಾಸಗಿ ಶಿಶುವಿಹಾರಕ್ಕೆ ಹಾಕಲು ಅಪ್ಪ ಸಾಲ ಮಾಡಿ ಫೀಸು ಕಟ್ಟುತ್ತಾನೆ. ರಸೀದಿ ಕೇಳಿದರೆ 'ನಾಳೆ ಬರ್ರಿ', ಆಟ ಯಾಕಿಲ್ಲ ಅಂದರೆ 'ಬ್ಯಾರೆ ಕಡೆ ಸೇರಿಸ್ರಿ' ಎಂಬ ಜವಾಬು ಬಂದರೆ ಅವನ ಸಿಟ್ಟು ನ್ಯಾಯವೇ.

ಬೋರ್ಡು ಬರೆಸಿದ ಮಾತ್ರಕ್ಕೆ ಶಾಲೆ ಆಗದು. 1983ರ ಕರ್ನಾಟಕ ಶಿಕ್ಷಣ ಕಾಯಿದೆಯಡಿ ಪೂರ್ವ ಪ್ರಾಥಮಿಕಕ್ಕೂ ನೋಂದಣಿ ಬೇಕು. ಎಳೆಯರಿಗೆ ಆಟದಲ್ಲೇ ಪಾಠ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. 1975ರಲ್ಲಿ ದೇಶದಲ್ಲಿ ಶುರುವಾದ ಅಂಗನವಾಡಿಯಲ್ಲಂತೂ ಫೀಸೇ ಇಲ್ಲ.

ಕೂಡ್ಲಿಗಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳು ನೋಂದಣಿಯಾದ ಶಾಲೆಗಳ ಪಟ್ಟಿಯನ್ನು ಪ್ರತಿ ವರ್ಷ ಜೂನ್‌ಗೆ ಮುಂಚೆಯೇ ಬಸ್ ಸ್ಟ್ಯಾಂಡಿನಲ್ಲಿ ಹಚ್ಚಿಸಲಿ. ಪೋಷಕರೂ ಅಷ್ಟೆ, ಅಕ್ಕಿ ಕೊಳ್ಳುವಾಗ ತಕ್ಕಡಿ ಮುಳ್ಳು ನೋಡುವವರು ಕೂಸಿನ ಶಾಲೆಗೆ ಕಾಸು ಎಣಿಸುವಾಗ ನೋಂದಣಿ ಪತ್ರ, ರಸೀದಿ ಕೇಳಬಾರದೆ?