ಉಗಿಬಂಡಿ ಕಟ್ಟುವುದಾದರೆ ಓಡುವಂಥದ್ದೇ ಕಟ್ಟಿ

ನಮ್ಮ ಜವಳಗೇರಾ ಸೀಮೆಗೆ ಭತ್ತ ಬಂದದ್ದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ದೇಶದ ಮೊದಮೊದಲ ಉಗಿ ರೈಲು ಎಂಜಿನ್ನೊಂದು ದುಡಿದದ್ದೂ ಕಾಲುವೆಗಾಗಿಯೇ: 1851ರಲ್ಲಿ ರೂರ್ಕಿಯಲ್ಲಿ ಗಂಗಾ ಕಾಲುವೆಗೆ ಮಣ್ಣು ಸಾಗಿಸಿದ ‘ಥಾಮಸನ್’. ಅದು ಉಳಿಯಲಿಲ್ಲ. ರೂರ್ಕಿ ಸ್ಟೇಷನ್ನಿನಲ್ಲಿ ಈಗ ಇರುವುದು ಅದರ ಪ್ರತಿಕೃತಿ.

ಹಳೆಯ ಎಂಜಿನ್ನಿನ ಓಡುವ ನಕಲು ಕಟ್ಟಲು ಅಷ್ಟು ದುಡ್ಡೇಕೆ ಎನ್ನುವವರಿದ್ದಾರೆ. ನಾನು ಅಕ್ಕಿ ಮಿಲ್ಲಿನ ಬಾಯ್ಲರ್ ನೋಡಿಕೊಂಡೇ ಸಂಸಾರ ನಡೆಸಿದವನು. ಗೇಜಿನ ಗಾಜಿನಲ್ಲಿ ನೀರು ಇಳಿದರೆ ಎದೆ ಧಸಕ್ಕೆನ್ನುತ್ತದೆ. ಟ್ಯೂಬಿಗೆ ಚಕ್ಕೆ ಕಟ್ಟಿದರೆ ಹೊಟ್ಟು ಎಷ್ಟು ಸುರಿದರೂ ಉಗಿ ಏಳುವುದಿಲ್ಲ. ಈ ವಿದ್ಯೆ ಕೈಯಿಂದ ಕೈಗೇ ದಾಟಬೇಕು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಗೊಂಬೆಯಿಂದ ದಾಟದು.

ಬ್ರಿಟನ್ನಿನಲ್ಲಿ ಎ1 ಎಂಬ ವರ್ಗದ 49 ಉಗಿ ರೈಲು ಎಂಜಿನ್‌ಗಳೂ ಗುಜರಿ ಸೇರಿದ್ದವು. ಅಭಿಮಾನಿಗಳು 1990ರಲ್ಲಿ ಟ್ರಸ್ಟ್ ಕಟ್ಟಿ, ಜನರಿಂದ ಹಣ ಕೂಡಿಸಿ, 2008ರಲ್ಲಿ ಅದೇ ವರ್ಗದ ಹೊಸ ಎಂಜಿನ್ ‘ಟೊರ್ನಾಡೊ’ ಓಡಿಸಿದರು. ಬಾಯ್ಲರ್ ಮಾತ್ರ ಜರ್ಮನಿಯಲ್ಲಿ ಆಯಿತು, ಅದೂ ರಿವೆಟ್ ಬಿಟ್ಟು ಪೂರ್ತಿ ವೆಲ್ಡಿಂಗ್. ಅದು ತಪ್ಪಲ್ಲ, ಜೀವಕ್ಕೆ ಅಪಾಯವಾಗದ ಬಾಯ್ಲರ್ ಮೊದಲು, ಹಳೆಯ ಪದ್ಧತಿ ಆಮೇಲೆ.

1853ರಲ್ಲಿ ಮುಂಬೈ–ಠಾಣೆ ರೈಲು ಎಳೆದ ಎಂಜಿನ್‌ಗಳಲ್ಲಿ ಒಂದೂ ನಮ್ಮಲ್ಲಿ ಉಳಿದಿಲ್ಲ. ಆ ರೈಲು ಓಡಿಸಿದ ಕಂಪನಿಯ ಹಳಿ 1871ರಲ್ಲಿ ನಮ್ಮ ರಾಯಚೂರು ಮುಟ್ಟಿತು. 1853ರ ಆ ಎಂಜಿನ್ನಿನಂಥದ್ದೊಂದನ್ನು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್ ಕಟ್ಟಲಿ, ಬೆಂಕಿ ಹಾಕಿ ಓಡಿಸಲಿ. ಸಿಂಧನೂರು, ಮಸ್ಕಿ, ಲಿಂಗಸೂಗೂರಿನ ಐಟಿಐ ಹುಡುಗರನ್ನು ಆ ಕೆಲಸಕ್ಕೆ ಕರೆಯಲಿ. ಬಾಯ್ಲರ್ ಬಲ್ಲ ಹಿರಿಯರು ಇನ್ನೂ ಗಟ್ಟಿಯಾಗಿರುವಾಗಲೇ ಇದು ಶುರುವಾಗಬೇಕು.