ಬಾಗಿಲಲ್ಲಿ ಕನ್ನಡ, ತಾರಸಿಯಲ್ಲಿ ಸೊನ್ನೆ!

ಕನ್ನಡದ ತರುಣ ಗೆಳೆಯರೇ,

ಬೆಂಗಳೂರಿನ ಯಾವುದಾದರೂ ಮಾಲ್ ಮುಂದೆ ಹೋಗಿ ನಿಂತು ನೋಡಿ. ಬೋರ್ಡಿನಲ್ಲಿ ಕನ್ನಡ ಬಂದಿದೆ. ಅದೇನು ಪುಕ್ಕಟೆ ಬಂದದ್ದಲ್ಲ. 2023ರ ಡಿಸೆಂಬರಿನಲ್ಲಿ ಕಾರ್ಯಕರ್ತರು ಬೀದಿಗಿಳಿದರು, ಜೈಲಿಗೆ ಹೋದರು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕು ಎಂದಾಯಿತು. ಸಂತೋಷ.

ಆದರೆ ಬಾಗಿಲಲ್ಲೇ ನಿಂತು ಚಪ್ಪಾಳೆ ಹೊಡೆಯಬೇಡಿ. ತಾರಸಿಗೆ ಹತ್ತಿ. ಬೇಸ್‌ಮೆಂಟಿಗೆ ಇಳಿಯಿರಿ. ಇಡೀ ಕಟ್ಟಡಕ್ಕೆ ಉಸಿರು ಕೊಡುವ ಯಂತ್ರಗಳು ಅಲ್ಲಿವೆ. ಎಎಚ್‌ಯು ಎಂಬ ದೊಡ್ಡ ಗಾಳಿಪೆಟ್ಟಿಗೆಗಳು, ಬ್ಲೋವರ್‌ಗಳು, ಡಕ್ಟ್‌ಗಳು, ಎಕ್ಸಾಸ್ಟ್ ಫ್ಯಾನುಗಳು. ಅವುಗಳ ಮೇಲಿನ ಎಚ್ಚರಿಕೆ ಯಾವ ಭಾಷೆಯಲ್ಲಿದೆ? ಸ್ಪಾನರ್ ಹಿಡಿದ ಕೈ ಯಾರದು? ಬಹಳ ಕಡೆ ಎರಡಕ್ಕೂ ಉತ್ತರ ಒಂದೇ: ಕನ್ನಡ ಅಲ್ಲ, ಕನ್ನಡಿಗನೂ ಅಲ್ಲ!

ಇದು ಬರೀ ಅಭಿಮಾನದ ಮಾತಲ್ಲ, ಜೀವದ ಮಾತು

2010ರ ಫೆಬ್ರವರಿ 23. ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್. ನೆನಪಿದೆಯೇ? ಬೆಂಕಿಗಿಂತ ಹೊಗೆಯೇ ಅಲ್ಲಿ ಯಮನಾಯಿತು. ಉಸಿರು ಕಟ್ಟಿದ ಜನ ಗಾಜು ಒಡೆದು ಮೇಲಿನಿಂದ ಹಾರಿದರು. 9 ಜನ ಸತ್ತರು.

ಇಂದಿನ ಗಾಜಿನ ಕಟ್ಟಡಗಳಲ್ಲಿ ಎಷ್ಟೋ ಕಿಟಕಿಗಳು ತೆರೆಯುವುದೇ ಇಲ್ಲ. ಒಳಗಿನವರು ಉಸಿರಾಡುವುದು ಯಂತ್ರದ ದಯೆಯಿಂದ. ಬೆಂಕಿ ಬಿದ್ದರೆ ಎಎಚ್‌ಯು ನಿಲ್ಲಬೇಕು, ಇಲ್ಲದಿದ್ದರೆ ಅದೇ ಹೊಗೆಯನ್ನು ಎಲ್ಲ ಕೋಣೆಗೂ ಹಂಚುತ್ತದೆ. ಡಕ್ಟ್‌ನೊಳಗಿನ ಫೈರ್ ಡ್ಯಾಂಪರ್ ಮುಚ್ಚಿಕೊಳ್ಳಬೇಕು. ಹೊಗೆ ಎಳೆಯುವ ಫ್ಯಾನು ಓಡಬೇಕು. ಮೆಟ್ಟಿಲ ಕಡೆಗೆ ಹೊಸ ಗಾಳಿ ನೂಕುವ ಫ್ಯಾನು ಓಡಿದರೆ ಮಾತ್ರ ಅಲ್ಲಿ ಹೊಗೆ ನುಗ್ಗದೆ ಜನ ಇಳಿದು ಬದುಕುತ್ತಾರೆ. ಡ್ಯಾಂಪರ್ ತುಕ್ಕು ಹಿಡಿದಿದ್ದರೆ, ಬೆಲ್ಟ್ ಹರಿದಿದ್ದರೆ, ಮೊದಲೇ ಪರೀಕ್ಷೆ ಮಾಡದಿದ್ದರೆ ಗೊತ್ತಾಗುವುದು ಬೆಂಕಿ ಬಿದ್ದ ದಿನವೇ. ಅಂದು ಗೊತ್ತಾಗಿ ಏನು ಪ್ರಯೋಜನ?

ಇನ್ನು ರಿಪೇರಿ ಮಾಡುವವನ ಜೀವ. ಎಎಚ್‌ಯು ಬಾಗಿಲು ತೆಗೆದು ಒಳಗೆ ಹೋಗುವ ಮೊದಲು ಮೇನ್ ಸ್ವಿಚ್ ಆರಿಸಿ, ಬೀಗ ಹಾಕಿ, "ಒಳಗೆ ಕೆಲಸ ನಡೆದಿದೆ, ಸ್ವಿಚ್ ಹಾಕಬೇಡಿ" ಎಂಬ ಚೀಟಿ ತೂಗಹಾಕಬೇಕು. ನಿಂತ ಫ್ಯಾನು ಟೈಮರ್ ಹೊಡೆದರೂ ತಾನಾಗಿ ತಿರುಗೀತು. ಆ ಚೀಟಿ ಇಂಗ್ಲಿಷಿನಲ್ಲಿದ್ದರೆ ರಾಯಚೂರಿನಿಂದ ಬಂದು ಅಲ್ಲಿ ಕಸ ಗುಡಿಸುವ ಅಕ್ಕನಿಗೆ, ರಾತ್ರಿ ಪಾಳಿಯ ವಾಚ್‌ಮನ್ ಅಣ್ಣನಿಗೆ ಏನು ತಿಳಿದೀತು?

ಈ ಮಾತನ್ನು ಸುಮ್ಮನೆ ಆಡುತ್ತಿಲ್ಲ. ನಾನು ಪ್ರೆಸ್ ನಡೆಸುವವನು. ಇಂಥ ಎಚ್ಚರಿಕೆ ಸ್ಟಿಕ್ಕರ್‌ಗಳ ಆರ್ಡರ್ ನನ್ನ ಬಳಿಗೂ ಬಂದಿದೆ. ಮೇಲೆ ಇಂಗ್ಲಿಷ್, ಕೆಳಗೆ ಹಿಂದಿ. "ಸ್ವಾಮಿ, ಕನ್ನಡದ ಒಂದು ಸಾಲು ಸೇರಿಸೋಣ" ಎಂದರೆ, "ಅದು ಬೇಡ, ಅಲ್ಲಿ ಕನ್ನಡ ಓದುವವರು ಯಾರೂ ಇಲ್ಲ" ಎಂಬ ಉತ್ತರ! ಅದೇ ಸ್ಟಿಕ್ಕರ್, ಅದೇ ಶಾಯಿ. ಒಂದು ಸಾಲು ಹೆಚ್ಚಿಗೆ ಅಚ್ಚು ಹಾಕಲು ಎಷ್ಟು ಖರ್ಚು ಎಂದು ನನಗೆ ಗೊತ್ತು. ಇಲ್ಲದಿರುವುದು ಕಾಸಲ್ಲ, ಮನಸ್ಸು. ಹಿಂದಿ ಓದುವ ಹುಡುಗನಿಗೆ ಹಿಂದಿಯೂ ಇರಲಿ, ಯಾರ ಜೀವವಾದರೂ ಜೀವವೇ. ಆದರೆ ಕನ್ನಡದ ನೆಲದಲ್ಲಿ ಕನ್ನಡಿಗನ ಜೀವಕ್ಕೇ ಒಂದು ಸಾಲು ಇಲ್ಲ ಎಂದರೆ?

ನಾವೇ ಬಿಟ್ಟುಕೊಟ್ಟ ಕೆಲಸ

ಈಗ ಕಹಿ ಮಾತು. ಬಿಹಾರದ ಹುಡುಗ, ಒಡಿಶಾದ ಹುಡುಗ ಬಂದು ನಮ್ಮ ಕೆಲಸ ಕಿತ್ತುಕೊಂಡ ಎಂದು ಕೂಗುತ್ತೇವೆ. ಅವನು ಕಿತ್ತುಕೊಳ್ಳಲಿಲ್ಲ. ನಾವು ಗ್ರೀಸ್ ಮೆತ್ತಿದ ಕೈ ಎಂದರೆ ಮೂಗು ಮುರಿದೆವು, ಅವನು ಮುರಿಯಲಿಲ್ಲ. ಅವನನ್ನು ಕಡಿಮೆ ಕೂಲಿಗೆ ಕರೆತಂದು ದುಡಿಸುವ ಗುತ್ತಿಗೆದಾರನನ್ನು ಕೇಳಿ. ಹೊಟ್ಟೆಪಾಡಿಗೆ ಬಂದವನ ಮೇಲೆ ಕೈ ಮಾಡುವುದು ಗಂಡಸುತನವಲ್ಲ.

ಈ ಕೆಲಸ ಕೀಳೇ? ಬೆಲ್ಟ್ ಸಡಿಲಾದರೆ ಜಾರುತ್ತದೆ, ಬಿಗಿ ಹೆಚ್ಚಾದರೆ ಬೇರಿಂಗ್ ತಿನ್ನುತ್ತದೆ. ಜೋಡಿ ಬೆಲ್ಟ್‌ನಲ್ಲಿ ಒಂದು ಹರಿದರೆ ಎರಡನ್ನೂ ಬದಲಿಸಬೇಕು. ಫಿಲ್ಟರ್ ಕಟ್ಟಿಕೊಂಡರೆ ಗಾಳಿಯೂ ಕಮ್ಮಿ, ತಂಪೂ ಕಮ್ಮಿ. ಮೋಟಾರಿನ ಎರಡು ವೈರು ಅದಲುಬದಲಾದರೆ ಬ್ಲೋವರ್ ಉಲ್ಟಾ ತಿರುಗುತ್ತದೆ. ಆಗಲೂ ಗಾಳಿ ಬರುತ್ತಲೇ ಇರುತ್ತದೆ, ಆದರೆ ಅರೆಬರೆ! ತಿಳಿಯದವನು ಫಿಲ್ಟರ್ ತೊಳೆದು, ಕಾಯಿಲ್ ತೊಳೆದು ತಿಂಗಳುಗಟ್ಟಲೆ ತಲೆ ಕೆರೆದುಕೊಳ್ಳುತ್ತಾನೆ. ತಿಳಿದವನು ಬಾಣದ ಗುರುತು ನೋಡಿ ಕ್ಷಣದಲ್ಲಿ ಹಿಡಿಯುತ್ತಾನೆ. ಇದು ವಿದ್ಯೆಯಲ್ಲವೇ?

ಈ ವಿದ್ಯೆಗೆ ಐಟಿಐನಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡಿಷನಿಂಗ್ ಟ್ರೇಡ್ ಇದೆ. ಎಸ್ಸೆಸ್ಸೆಲ್ಸಿ ಸಾಕು, ಎರಡು ವರ್ಷ. 1961ರ ಅಪ್ರೆಂಟಿಸ್ ಕಾಯ್ದೆಯೂ ಇದೆ. 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಕೇಳಿದವರು ಯಾರು?

ಸರ್ಕಾರ ಕೊಡಿಸುತ್ತದೆ ಎಂದು ಕಾದು ಕೂತಿದ್ದೀರಾ? ಸರೋಜಿನಿ ಮಹಿಷಿ ವರದಿ ಬಂದದ್ದು 1980ರ ದಶಕದಲ್ಲಿ. ಅದರ ಮೇಲೆ ಎಷ್ಟು ಸರ್ಕಾರಗಳು ಕೂತು ಎದ್ದವು! 2024ರ ಜುಲೈನಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಎಂಬ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಗದರಿದರು, ಸರ್ಕಾರ ತಡೆಹಿಡಿಯಿತು. ಇಷ್ಟೇ ಇವರ ಕನ್ನಡಾಭಿಮಾನ!

ಆದ್ದರಿಂದ ಗೆಳೆಯರೇ, ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ:

1. ಪ್ರತಿ ವಾಣಿಜ್ಯ ಕಟ್ಟಡದ ಯಂತ್ರಕೋಣೆಯಲ್ಲಿ ಎಚ್ಚರಿಕೆ ಫಲಕ, ಬೀಗದ ಚೀಟಿ, ಬೆಂಕಿ ಸೂಚನೆ ಕನ್ನಡದಲ್ಲಿ ಇರಬೇಕು.

2. ಫಿಲ್ಟರ್, ಬೆಲ್ಟ್, ಡ್ಯಾಂಪರ್ ಯಾವತ್ತು ನೋಡಿದರು ಎಂಬ ದಿನಾಂಕ ಕನ್ನಡದಲ್ಲಿ ಬರೆದು ಯಂತ್ರದ ಪಕ್ಕದಲ್ಲೇ ಅಂಟಿಸಬೇಕು.

3. ನಿರ್ವಹಣೆಯ ಗುತ್ತಿಗೆ ಪಡೆದವರು ಇಲ್ಲಿನ ಐಟಿಐ ಹುಡುಗ ಹುಡುಗಿಯರನ್ನು ಅಪ್ರೆಂಟಿಸರಾಗಿ ತೆಗೆದುಕೊಳ್ಳಬೇಕು.

ಮನವಿ ಹಿಡಿದು ಹೋದಾಗ ಮ್ಯಾನೇಜರ್ ಒಂದೇ ಪ್ರಶ್ನೆ ಕೇಳುತ್ತಾನೆ: "ಕೆಲಸ ಬಲ್ಲ ಕನ್ನಡದ ಹುಡುಗರು ಎಲ್ಲಿದ್ದಾರೆ?" ಆ ಪ್ರಶ್ನೆಗೆ ಘೋಷಣೆ ಉತ್ತರವಲ್ಲ. ಸ್ಪಾನರ್ ಹಿಡಿದು ಮುಂದೆ ನಿಂತ ಹತ್ತು ಜನ ಉತ್ತರ. ಆ ಹತ್ತರಲ್ಲಿ ನೀವೊಬ್ಬರಾಗಿ. ಬೋರ್ಡಿಗೆ ಹೋರಾಡಿದ ಕೈಗೆ ಈ ಕೆಲಸ ಕಷ್ಟವೇನಲ್ಲ.

ಬಾಗಿಲಿಗೆ ಬಂದ ಕನ್ನಡ ತಾರಸಿಗೂ ಹತ್ತಲಿ! ಸಿರಿಗನ್ನಡಂ ಗೆಲ್ಗೆ!